ರಸಮೇವು ಮೂರು ವರ್ಷಕ್ಕೂ ಪಕ್ಕದ ಮನೆಗೆ ದಾಟಲಿಲ್ಲ, ಹಳದಿ ಶಾಸ್ತ್ರ ಒಂದೇ ಮದುವೆ ಸೀಸನ್ನಿನಲ್ಲಿ ಊರೆಲ್ಲಾ ಹಬ್ಬಿತು. ಯಾಕೆ?

ಮೇವಿನಮನೆ (ಚಿಂತಾಮಣಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ಕೊರೆಯುತ್ತಿರುವ ವಿಷಯ ಇದು. ನಿಮಗೆ ಏನನ್ನಿಸುತ್ತದೆ ಹೇಳಿ.

ನಮ್ಮ ಊರಲ್ಲಿ ನೂರೈವತ್ತು ಮನೆ. ಹೆಚ್ಚುಕಡಿಮೆ ಎಲ್ಲರ ಕೊಟ್ಟಿಗೆಯಲ್ಲೂ ಎರಡು ಮೂರು ಸೀಮೆಹಸು. ಡೇರಿ ಬಟವಾಡೆ ಬಂದರೇನೇ ಅಂಗಡಿ ಸಾಲ ತೀರುವುದು. ಶಿವರಾತ್ರಿ ಕಳೆದರೆ ಹಸಿಮೇವಿಗೆ ಪರದಾಟ ಶುರು. ಬರೀ ಒಣಹುಲ್ಲು ಹಾಕಿದರೆ ಹಾಲು ಇಳಿಯುತ್ತದೆ, ಹಿಂಡಿ ಬೂಸಾ ಜಾಸ್ತಿ ಹಾಕಿದರೆ ಕೈಗೆ ಏನೂ ಉಳಿಯಲ್ಲ.

ಮೂರು ವರ್ಷದ ಹಿಂದೆ ನಾನು ರಸಮೇವು, ಅಂದರೆ ಹಸಿಮೇವನ್ನು ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿ ಇಡುವ ಸೈಲೇಜ್ ಮಾಡಿದೆ. ಮುಸುಕಿನ ಜೋಳದ ಕಾಳು ಹಾಲು ತುಂಬಿ ಇನ್ನೇನು ಗಟ್ಟಿಯಾಗಬೇಕು ಅನ್ನುವ ಹೊತ್ತಿಗೆ ತೆನೆ ಸಮೇತ ಕೊಯ್ದು, ಮಿಷನ್ನಿಗೆ ಕೊಟ್ಟು ಒಂದೊಂದು ಇಂಚಿಗೆ ಕತ್ತರಿಸಿ, ಗುಂಡಿಗೆ ತುಂಬಿ, ಟ್ರ್ಯಾಕ್ಟರ್ ಹತ್ತಿಸಿ ತುಳಿಸಿದೆ. ಜೊತೆಗೆ ಬೆಲ್ಲದ ನೀರು, ಉಪ್ಪು. ಮೇಲೆ ಪ್ಲಾಸ್ಟಿಕ್ ಹೊದಿಸಿ ಮಣ್ಣು ಹೇರಿದೆ. ಒಳಗೆ ಗಾಳಿ ಆಡಬಾರದು, ಅಷ್ಟೇ. ನಲವತ್ತೈದು ದಿನ ಬಿಟ್ಟು ಒಂದು ಮೂಲೆ ತೆಗೆದಾಗ ಮೇವು ಹೊಂಬಣ್ಣಕ್ಕೆ ತಿರುಗಿತ್ತು. ಹಣ್ಣು ಹುಳಿ ಬಂದಾಗಿನ ವಾಸನೆ. ಹಸುಗಳು ಹಗ್ಗ ಜಗ್ಗಿಕೊಂಡು ತಿಂದವು. ಆ ವರ್ಷ ಏಪ್ರಿಲ್, ಮೇ ಎರಡೂ ತಿಂಗಳು ನಮ್ಮ ಹಾಲು ಇಳಿಯಲೇ ಇಲ್ಲ.

ಡೇರಿ ಮುಂದೆ ಸಾಲಲ್ಲಿ ನಿಂತಾಗ ಎಲ್ಲರಿಗೂ ಹೇಳಿದೆ. ಕೇಳಿದರು, "ಒಳ್ಳೇದಪ್ಪ" ಅಂದರು. ಮನೆಗೆ ಹೋದರು. ಮೂರು ವರ್ಷ ಆಯಿತು, ಊರಲ್ಲಿ ಈಗಲೂ ಇರುವುದು ನಮ್ಮದೊಂದೇ ಗುಂಡಿ.

ಈಗ ಇನ್ನೊಂದು ಕಡೆ ನೋಡಿ. ಹೋದ ಮಾಘದಲ್ಲಿ ಒಂದು ಮನೆಯ ಮದುವೆಗೆ ಹಳದಿ ಶಾಸ್ತ್ರ ಮಾಡಿದರು. ಎಲ್ಲರಿಗೂ ಹಳದಿ ಬಟ್ಟೆ, ಹಿಂದೆ ಚೆಂಡುಹೂವಿನ ಪರದೆ, ಡ್ರೋನ್ ಕ್ಯಾಮೆರಾ. ವೈಶಾಖ ಮುಗಿಯುವುದರೊಳಗೆ ಇನ್ನೂ ಐದು ಮನೆಯಲ್ಲಿ ಅದೇ ಆಯಿತು. ಅದರಲ್ಲಿ ಎರಡು ಮನೆಯವರು ಸಾಲ ಮಾಡಿ ಮಾಡಿದರು.

ದುಡ್ಡು ಉಳಿಸುವ ದಾರಿ ಯಾರಿಗೂ ಬೇಡವಾಯಿತು. ದುಡ್ಡು ಖರ್ಚಾಗುವ ದಾರಿ ಎಲ್ಲರಿಗೂ ಬೇಕಾಯಿತು. ನನಗೆ ನಿಜಕ್ಕೂ ಅರ್ಥ ಆಗುತ್ತಿಲ್ಲ.

ಕೋಲಾರ_ಹುಡುಗ

ಅಣ್ಣ, ಹಳದಿ ಬಟ್ಟೆ ಊರಿಗೆಲ್ಲಾ ಕಾಣುತ್ತೆ. ಮಣ್ಣು ಮುಚ್ಚಿದ ಗುಂಡಿ ಯಾರಿಗೆ ಕಾಣುತ್ತೆ?

ನಂದಿ_ತಪ್ಪಲು

ಇದು ಫೋನಿನ ಕೆಲಸ. ರೀಲ್ಸ್ ನೋಡಿ ನೋಡಿ ಉತ್ತರ ಭಾರತದ ಮದುವೆ ನಮ್ಮ ಮನೆಗೆ ಬಂದಿದೆ. ಹಳದಿ ನಮ್ಮದಲ್ಲ, ಮೆಹಂದಿ ಹಾಡು ಕುಣಿತ ನಮ್ಮದಲ್ಲ. ಚಪ್ಪರ ಹಾಕಿ ಹಸೆಮಣೆ ಮೇಲೆ ಕೂರಿಸಿ ಸೋಬಾನೆ ಹೇಳುತ್ತಿದ್ದವರು ಈಗ ಎಲ್ಲಿದ್ದಾರೆ?

ಗುಬ್ಬಿಯವಳು

ನಂದಿ_ತಪ್ಪಲು ಅವರೇ, ಅರಿಶಿನ ಹಚ್ಚುವುದು ನಮ್ಮಲ್ಲೂ ಇತ್ತಲ್ಲ? ನನ್ನ ಮದುವೆಯಲ್ಲಿ ಸೋದರತ್ತೆಯರು ಎಣ್ಣೆ ಅರಿಶಿನ ಹಚ್ಚಿ ನೀರು ಹಾಕಿದ್ದರು. ಅದೇ ಶಾಸ್ತ್ರಕ್ಕೆ ಈಗ ಹೊಸ ಬಟ್ಟೆ, ಹೊಸ ಹೆಸರು ಬಂದಿದೆ. ಅದಕ್ಕೇ ಅಷ್ಟು ಬೇಗ ಒಳಗೆ ಬಂತು. ಮನೆಯಲ್ಲಿ ಮೊದಲೇ ಅದಕ್ಕೊಂದು ಜಾಗ ಇತ್ತು. ರಸಮೇವಿಗೆ ಆ ಜಾಗ ಎಲ್ಲಿತ್ತು? ಕೊಳೆತ ಮೇವನ್ನು ಹಸುವಿಗೆ ಹಾಕಬಾರದು ಅಂತ ನಾವು ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇವೆ. ನೀವು ಬಂದು, ಹುಳಿ ಬರಿಸಿದ ಮೇವು ಹಾಕಿ ಅಂತೀರಿ. ಕಿವಿಗೆ ಅದು ಹೇಗೆ ಕೇಳಿಸುತ್ತೆ ಯೋಚನೆ ಮಾಡಿ.

ಮೇವಿನಮನೆ

ಅಕ್ಕ, ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಅಮ್ಮನೂ ಮೊದಲ ದಿನ ಮೂಗು ಮುಚ್ಚಿಕೊಂಡು "ಇದು ಕೊಳೆತಿದೆ ಕಣೋ" ಅಂದಿದ್ದರು.

ರೇಷ್ಮೆಗೂಡು (ಶಿಡ್ಲಘಟ್ಟ)

ಇದಕ್ಕೆ ನಮ್ಮ ಕಸುಬಿನಿಂದ ಒಂದು ಉದಾಹರಣೆ ಕೊಡುತ್ತೇನೆ. ಸ್ವಲ್ಪ ಉದ್ದ ಆಗಬಹುದು, ಓದಿ.

ನಾನು ಚಿಕ್ಕವನಿದ್ದಾಗ ರೇಷ್ಮೆ ಹುಳು ಸಾಕುವುದೆಂದರೆ ಬಿದಿರು ತಟ್ಟೆ. ಹಿಪ್ಪುನೇರಳೆ ಸೊಪ್ಪು ಒಂದೊಂದೇ ಎಲೆ ಬಿಡಿಸಿ ತರಬೇಕು, ದಿನಕ್ಕೆ ನಾಲ್ಕೈದು ಸಲ ಹಾಕಬೇಕು, ತಟ್ಟೆ ಇಳಿಸಿ ಹತ್ತಿಸಿ ಕಸ ತೆಗೆಯಬೇಕು. ನಾಲ್ಕನೇ ಜ್ವರ, ಅಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು, ಮುಗಿಸಿ ಎದ್ದ ಮೇಲೆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಆಮೇಲೆ ರೆಂಬೆ ಪದ್ಧತಿ ಬಂತು. ಕಡ್ಡಿ ಸಮೇತ ಕೊಯ್ದು ಸ್ಟ್ಯಾಂಡ್ ಮೇಲೆ ಹರಡಿದರೆ ಆಯಿತು, ಎರಡು ಮೂರು ಸಲ ಸಾಕು. ಅರ್ಧಕ್ಕರ್ಧ ಆಳು ಉಳಿತಾಯ. ಇಲಾಖೆಯವರು ಹೇಳಿದರು, ಬೋರ್ಡು ಹಾಕಿದರು, ತರಬೇತಿ ಕೊಟ್ಟರು. ನಮ್ಮೂರಲ್ಲಿ ಯಾರೂ ಮಾಡಲಿಲ್ಲ. ಕಡ್ಡಿ ಹಾಕಿದರೆ ಹುಳುವಿಗೆ ಗಾಯ ಆಗುತ್ತೆ, ಹಾಲುತೊಂಡೆ ರೋಗ ಬರುತ್ತೆ ಅಂತ ಮಾತು.

ಕೊನೆಗೆ ಶುರು ಮಾಡಿದವರು ನಮ್ಮ ಬೀದಿಯ ಒಬ್ಬ ಬಡ ಹೆಂಗಸು. ಅವರಿಗೆ ಗಂಡ ಇರಲಿಲ್ಲ, ಆಳು ಕರೆಯಲು ದುಡ್ಡಿರಲಿಲ್ಲ. ಬೇರೆ ದಾರಿ ಇಲ್ಲದೆ ಕಡ್ಡಿ ಹಾಕಿದರು. ಐವತ್ತು ಮೊಟ್ಟೆ ಮಾತ್ರ (ನಮ್ಮಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ನೂರಾರು ಮೊಟ್ಟೆಯ ಗುಂಪು). ಬೆಳೆ ಬಂತು. ಹುಳು ಹಣ್ಣಾಗಿ ಚಂದ್ರಿಕೆಯಲ್ಲಿ, ಅಂದರೆ ಗೂಡು ಕಟ್ಟಲು ಬಿಡುವ ಬಿದಿರು ತಟ್ಟೆಯಲ್ಲಿ, ಕಟ್ಟಿದ ಗೂಡು ಬಿಡಿಸುವ ದಿನ ಬೀದಿಯವರೆಲ್ಲಾ ಅವರ ಮನೆಗೆ ಹೋಗಿ ಇಣುಕಿದ್ದು ನನಗೆ ನೆನಪಿದೆ. ಯಾರೂ ಏನೂ ಕೇಳಲಿಲ್ಲ. ಒಬ್ಬರು ಗೂಡನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಲ್ಲಿ ಒತ್ತಿ ನೋಡಿದರು. ಗಟ್ಟಿ ಇತ್ತು. ಅಷ್ಟೇ. ಮುಂದಿನ ಬೆಳೆಗೆ ಏಳು ಮನೆ, ಅದರ ಮುಂದಿನದಕ್ಕೆ ಊರಲ್ಲಿ ತಟ್ಟೆ ಇಟ್ಟುಕೊಂಡವರೇ ಕಮ್ಮಿ.

ಇಲಾಖೆಯವರು ಅದೇ ಮಾತನ್ನು ಎಷ್ಟು ವರ್ಷದಿಂದ ಹೇಳುತ್ತಿದ್ದರು. ಆದರೆ ಬೆಳೆ ಹೋದರೆ ಇಲಾಖೆಯವರ ಸಂಬಳ ಹೋಗುತ್ತಿರಲಿಲ್ಲ. ಆ ಅಕ್ಕನ ಅನ್ನ ಹೋಗುತ್ತಿತ್ತು. ಜನ ನಂಬಿದ್ದು ಅದನ್ನು.

ಕೋಲಾರ_ಹುಡುಗ

ಹೆಬ್ಬೆರಳಲ್ಲಿ ಒತ್ತಿ ನೋಡಿದ್ದು ಓದಿ ಮೈ ಜುಮ್ಮೆಂದಿತು ಅಣ್ಣ.

ಹಳೇಮೇಷ್ಟ್ರು

ರೇಷ್ಮೆಗೂಡು ಅವರ ಮಾತಿಗೆ ಒಂದು ಹಳೆಯ ಅಧ್ಯಯನವೇ ಸಾಕ್ಷಿ ಇದೆ. ಅಮೆರಿಕದ ಅಯೋವಾ ರಾಜ್ಯದಲ್ಲಿ ಹೈಬ್ರಿಡ್ ಮುಸುಕಿನ ಜೋಳ ಹೇಗೆ ಹಬ್ಬಿತು ಅಂತ ರಯಾನ್ ಮತ್ತು ಗ್ರಾಸ್ ಎನ್ನುವ ಇಬ್ಬರು 259 ರೈತರನ್ನು ಮಾತಾಡಿಸಿ 1943ರಲ್ಲಿ ಬರೆದರು. ಬೀಜ 1928ರ ಸುಮಾರಿಗೆ ಬಂತು. ಇಳುವರಿ ಜಾಸ್ತಿ, ಬರ ತಡೆಯುತ್ತಿತ್ತು. ಆದರೂ 1930ರ ದಶಕದ ಮೊದಲ ಕೆಲವು ವರ್ಷ ಬಿತ್ತಿದವರು ಬೆರಳೆಣಿಕೆ. ಆಮೇಲೆ ಒಂದೇ ಸಮನೆ ಏರಿ, 1941ರ ಹೊತ್ತಿಗೆ ಇಬ್ಬರನ್ನು ಬಿಟ್ಟು ಮಿಕ್ಕವರೆಲ್ಲಾ ಬಿತ್ತಿದ್ದರು.

ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು ಒಂದು. ಹೊಸ ಬೀಜದ ಸುದ್ದಿಯನ್ನು ಹೆಚ್ಚಿನವರಿಗೆ ಮೊದಲು ಹೇಳಿದವನು ಬೀಜ ಮಾರುವವನು. ಆದರೆ ಬಿತ್ತುವುದಕ್ಕೆ ಒಪ್ಪಿಸಿದವನು ಪಕ್ಕದ ಹೊಲದವನು. ಸುದ್ದಿ ತರುವವನೇ ಬೇರೆ, ಧೈರ್ಯ ತುಂಬುವವನೇ ಬೇರೆ. ಮೇವಿನಮನೆಯವರೇ, ನೀವು ಡೇರಿ ಸಾಲಲ್ಲಿ ನಿಂತು ಸುದ್ದಿ ಕೊಟ್ಟಿರಿ. ಧೈರ್ಯ ಇನ್ನೂ ಬಂದಿಲ್ಲ.

ಬಂಗಾರಪೇಟೆ_ಬಸ್ಸು

ಮೇಷ್ಟ್ರೇ, ತಪ್ಪು ತಿಳಿಯಬೇಡಿ. ಅಯೋವಾ ರೈತನ ಜಮೀನೆಷ್ಟು, ನಮ್ಮದೆಷ್ಟು? ಅಲ್ಲಿಯವನು ಮೂಲೆಯಲ್ಲಿ ಎರಡು ಎಕರೆಗೆ ಹೊಸ ಬೀಜ ಹಾಕಿ ನೋಡಬಹುದು. ನಮ್ಮಲ್ಲಿ ಇರುವುದೇ ಎರಡು ಎಕರೆ. ರೈತ ಹೊಸದಕ್ಕೆ ಒಗ್ಗಲ್ಲ, ಹಳೇ ತಲೆ ಅಂತ ಪೇಟೆಯವರು ಹೇಳುವಾಗ ನನಗೆ ಸಿಟ್ಟು ಬರುತ್ತದೆ. ಹೊಸದು ಬೇಡ ಅಂತಲ್ಲ. ಕೆಟ್ಟರೆ ಕಟ್ಟಿಕೊಡುವವರು ಯಾರು ಅನ್ನುವುದು ಪ್ರಶ್ನೆ.

ದುಡ್ಡು ಕಂಡರೆ ನಮ್ಮವರು ಎಷ್ಟು ಬೇಗ ಬದಲಾಗುತ್ತಾರೆ ನೋಡಿ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತು. ನಮ್ಮ ಸುತ್ತಮುತ್ತ ಯಾವ ನರ್ಸರಿಯಲ್ಲೂ ಸಸಿ ಸಿಗಲಿಲ್ಲ. ಬೀನ್ಸು ಕಿತ್ತು ಟೊಮೆಟೊ ಹಾಕಿದವರಿದ್ದಾರೆ. ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲಕಚ್ಚಿತು. ನಮ್ಮ ಅಣ್ಣ ಕೂಲಿ ಕೂಡ ಗಿಟ್ಟಲ್ಲ ಅಂತ ಹಣ್ಣನ್ನು ಗಿಡದಲ್ಲೇ ಬಿಟ್ಟರು. ಆ ಕಡ್ಡಿ, ದಾರ, ಮಲ್ಚಿಂಗ್ ಶೀಟು ಎಲ್ಲಾ ಸಾಲದ್ದು. ಹೀಗೆ ಒಂದು ಸಲ ಸುಟ್ಟುಕೊಂಡವರು ನಿಮ್ಮ ಗುಂಡಿ ನೋಡಿ ಹತ್ತು ಸಲ ಯೋಚನೆ ಮಾಡುವುದು ಸಹಜ.

ಹಳೇಮೇಷ್ಟ್ರು

ಒಪ್ಪಿದೆ. ನಾನು ಆ ಕಡೆಯಿಂದ ಯೋಚಿಸಿರಲಿಲ್ಲ. ಅಲ್ಲೂ ರೈತರು ಮೊದಲ ವರ್ಷ ಸ್ವಲ್ಪವೇ ಬಿತ್ತಿ, ಪೂರ್ತಿ ಹೊಲಕ್ಕೆ ಹಾಕಲು ಮೂರು ನಾಲ್ಕು ವರ್ಷ ತೆಗೆದುಕೊಂಡರು. ಸ್ವಲ್ಪ ಮಾಡಿ ನೋಡುವ ಅವಕಾಶ ಇತ್ತು. ನಮ್ಮಲ್ಲಿ ಅದೇ ಇಲ್ಲ ಅನ್ನುತ್ತೀರಿ. ಸರಿಯಾದ ಮಾತು.

ನಂದಿ_ತಪ್ಪಲು

ಬೇಗ ಹಬ್ಬಿದ್ದೆಲ್ಲಾ ಒಳ್ಳೆಯದೂ ಅಲ್ಲ. ನೀಲಗಿರಿ ನೆನಪಿದೆಯಾ? ಟಿಪ್ಪು ಕಾಲದಲ್ಲಿ, 1790ರ ಸುಮಾರಿಗೆ, ನಮ್ಮ ನಂದಿಬೆಟ್ಟದ ತೋಟದಲ್ಲಿ ಮೊದಲು ನೆಟ್ಟರು ಅನ್ನುತ್ತಾರೆ. ಸುಮಾರು ಇನ್ನೂರು ವರ್ಷ ಅದು ಊರಿನ ಹೊಲಕ್ಕೆ ಇಳಿಯಲಿಲ್ಲ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ಸಸಿ ಹಂಚಿದರು, ಮರಕ್ಕೆ ಗಿರಾಕಿ ಸಿಕ್ಕಿದರು. ನೋಡುನೋಡುತ್ತಾ ಕೋಲಾರದ ರಾಗಿ ಹೊಲಗಳೆಲ್ಲಾ ನೀಲಗಿರಿ ತೋಪಾದವು. 2017ರಲ್ಲಿ ಸರ್ಕಾರ ಹೊಸದಾಗಿ ನೆಡಬಾರದು ಅಂತ ಆದೇಶ ಮಾಡಿತು. ಅಷ್ಟರಲ್ಲಿ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿದ್ದವು.

ಬಂಗಾರಪೇಟೆ_ಬಸ್ಸು

ಬೋರ್‌ವೆಲ್ ಬತ್ತಿದ್ದಕ್ಕೆ ನೀಲಗಿರಿಯೊಂದೇ ಕಾರಣ ಅನ್ನಬೇಡಿ. ಕೆರೆ ಹೂಳು, ನೀರು ಕೇಳುವ ಬೆಳೆ, ಒಬ್ಬರ ಪಕ್ಕ ಇನ್ನೊಬ್ಬರು ಕೊರೆಸಿದ್ದು ಎಲ್ಲಾ ಸೇರಿದೆ. ನೀಲಗಿರಿ ಹಬ್ಬಿದ್ದು ಯಾಕೆ ಗೊತ್ತಾ? ನೆಟ್ಟು ಬಂದರೆ ಮುಗಿಯಿತು, ಆಳು ಬೇಡ, ಕಾವಲು ಬೇಡ, ದನವೂ ತಿನ್ನಲ್ಲ. ಮಕ್ಕಳು ಬೆಂಗಳೂರು ಸೇರಿದ ಮನೆಗಳಿಗೆ ಅದಕ್ಕಿಂತ ಸುಲಭದ್ದು ಇರಲಿಲ್ಲ. ನಮ್ಮ ತಾತನೂ ಹಾಕಿದ್ದರು. ಅವರಿಗೆ ಆಗ ಎಪ್ಪತ್ತು ವರ್ಷ.

ಕ್ಯಾತ್ಸಂದ್ರ_ಕ್ರಾಸ್

ಹಬ್ಬುವ ವಿಷಯ ಬಂತಲ್ಲ, ತಟ್ಟೆ ಇಡ್ಲಿ ಮರೆತರೆ ಹೇಗೆ? ತುಮಕೂರು ರಸ್ತೆಯಲ್ಲಿ ಕ್ಯಾತ್ಸಂದ್ರ, ಮೈಸೂರು ರಸ್ತೆಯಲ್ಲಿ ಬಿಡದಿ. ಎರಡೂ ಹೆದ್ದಾರಿ ಮೇಲಿನ ಊರು. ಲಾರಿಯವರು, ಬಸ್ಸಿನವರು ಇಳಿದು ತಿಂದರು, ಹೋದ ಕಡೆ ಹೇಳಿದರು. ಯಾವ ಜಾಹೀರಾತೂ ಇರಲಿಲ್ಲ. ಒಳಗಿನ ಊರುಗಳಲ್ಲಿ ಇದಕ್ಕಿಂತ ರುಚಿಯಾದ ತಿಂಡಿ ಇರಬಹುದು, ಊರ ಹೊರಗೆ ಹೆಸರಿಲ್ಲ.

ರಾಮನಗರ_ಸೊಸೆ

ಬಿಡದಿದೇ ಮೊದಲು.

ಕ್ಯಾತ್ಸಂದ್ರ_ಕ್ರಾಸ್

ಇಲ್ಲ, ಆ ಮಾತು ಮಾತ್ರ ಒಪ್ಪಲ್ಲ. ಒಂದು ಭಾನುವಾರ ಇಲ್ಲಿಗೆ ಬನ್ನಿ, ಬೆಣ್ಣೆ ಹಾಕಿಸಿ ಕೊಡುತ್ತೇನೆ, ತಿಂದು ಆಮೇಲೆ ಹೇಳಿ.

ಕೋಲಾರ_ಹುಡುಗ

ನೀವಿಬ್ಬರೂ ಸೇರಿ ಮುಳಬಾಗಿಲಿಗೆ ಬನ್ನಿ. ಬೆಂಗಳೂರಲ್ಲಿ ಈಗ ಎಲ್ಲಿ ನೋಡಿದರೂ ಮುಳಬಾಗಿಲು ದೋಸೆ ಅಂತ ಬೋರ್ಡು. ಕೋಲಾರ ಕಡೆಯವರು ಪೇಟೆಗೆ ಹೋಗಿ ಹೋಟೆಲ್ ಇಟ್ಟರು, ಜೊತೆಗೆ ದೋಸೆಯೂ ಹೋಯಿತು.

ಹಳೇಮೇಷ್ಟ್ರು

ಲಾರಿಯವರ ಮಾತು ಚೆನ್ನಾಗಿದೆ. ಮಾರ್ಕ್ ಗ್ರಾನೊವೆಟರ್ ಎನ್ನುವ ಸಮಾಜಶಾಸ್ತ್ರಜ್ಞರು 1973ರಲ್ಲಿ ಇದನ್ನೇ ಹೇಳಿದರು. ಹೊಸ ಸುದ್ದಿ ನಮಗೆ ಹತ್ತಿರದ ನೆಂಟರಿಂದ ಬರುವುದು ಕಮ್ಮಿ, ಯಾಕೆಂದರೆ ಅವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಸಡಿಲ ನಂಟಿನವರು, ಅಂದರೆ ಸಂತೆಯಲ್ಲಿ ಸಿಗುವವರು, ಬಸ್ಸಲ್ಲಿ ಪರಿಚಯ ಆದವರು, ಅವರೇ ಹೊಸದನ್ನು ತರುವುದು.

ಗುಬ್ಬಿಯವಳು

ನಮ್ಮ ತಾಲ್ಲೂಕಿನ ಸಿದ್ದು ಹಲಸು ಗೊತ್ತಲ್ವಾ? ಚೇಳೂರಿನ ಒಬ್ಬ ರೈತರ ತೋಟದ ಒಂದೇ ಮರ. ತೊಳೆ ತಾಮ್ರದ ಕೆಂಪು, ಹಣ್ಣು ಎರಡೂವರೆ ಕೆಜಿ ಆಸುಪಾಸು, ಒಂದು ಮನೆಗೆ ಒಂದು ಹಣ್ಣು ಸರಿಹೋಗುತ್ತೆ. ಎಷ್ಟೋ ವರ್ಷ ಆ ಮರ ಮನೆಯವರಿಗೂ ನೆಂಟರಿಗೂ ಮಾತ್ರ ಗೊತ್ತಿತ್ತು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ನೋಡಿ, 2017ರಲ್ಲಿ ಆ ರೈತರ ಜೊತೆಗೇ ಒಪ್ಪಂದ ಮಾಡಿಕೊಂಡು ಕಸಿ ಗಿಡ ಮಾಡಿಸಿದರು. ಗಿಡ ಮಾರಿದ ದುಡ್ಡಿನ ಹೆಚ್ಚಿನ ಪಾಲು ರೈತರಿಗೇ ಬರುವ ಹಾಗೆ. ಈಗ ಬೇರೆ ರಾಜ್ಯದಿಂದಲೂ ಕೇಳಿಕೊಂಡು ಬರುತ್ತಾರೆ.

ಹಲಸಿನ ಬೀಜ ಹಾಕಿದರೆ ತಾಯಿ ಮರದ ಗುಣ ಬರುವ ಗ್ಯಾರಂಟಿ ಇಲ್ಲ, ಕಸಿಯಾದರೆ ಬರುತ್ತೆ. ಇಷ್ಟು ವರ್ಷ ಜನ ಹಣ್ಣು ತಿಂದು ಹೊಗಳಿ ಬೀಜ ಒಯ್ದಿದ್ದರು, ಏನೂ ಪ್ರಯೋಜನ ಆಗಿರಲಿಲ್ಲ. ಹಾಗೇ ನಿಮ್ಮ ರಸಮೇವನ್ನೂ ಜನ ಬಾಯಲ್ಲಿ ಹೊಗಳಿ ಹೋಗಿರಬೇಕು. ಮನೆಗೆ ಹಿಡಿದುಕೊಂಡು ಹೋಗುವಂಥದ್ದು ಏನು ಕೊಟ್ಟಿರಿ?

ದನದಡಾಕ್ಟ್ರು_ಆಗಲಿರುವೆ

ನಾನು ಪಶುವೈದ್ಯ ವಿದ್ಯಾರ್ಥಿನಿ. ಎರಡು ತಿದ್ದುಪಡಿ. ಮುಸುಕಿನ ಜೋಳಕ್ಕೆ ಬೆಲ್ಲ ಹಾಕಲೇಬೇಕು ಅಂತಿಲ್ಲ. ಅದರಲ್ಲೇ ಸಾಕಷ್ಟು ಸಕ್ಕರೆ ಅಂಶ ಇರುತ್ತದೆ. ಸಕ್ಕರೆ ಅಂಶ ಕಮ್ಮಿ ಇರುವ ಹುಲ್ಲಿಗೆ ಹಾಕಿದರೆ ಉಪಯೋಗ. ಸುಮ್ನೆ ಖರ್ಚು ಮಾಡಬೇಡಿ. ಇನ್ನೊಂದು, ಗುಬ್ಬಿಯ ಅಕ್ಕ "ಕೊಳೆತ" ಅಂದರಲ್ಲ, ಅದು ಕೊಳೆಯುವುದಲ್ಲ. ಗಾಳಿ ಇಲ್ಲದ ಕಡೆ ಬ್ಯಾಕ್ಟೀರಿಯಾ ಹುಳಿ ಬರಿಸುತ್ತವೆ, ಆ ಹುಳಿಯೇ ಮೇವು ಕೆಡದಂತೆ ಕಾಯುತ್ತದೆ. ಮೊಸರಿನಲ್ಲೂ ಅದೇ ಕೆಲಸ ನಡೆಯುವುದು. "ಮೇವಿಗೆ ಹೆಪ್ಪು ಹಾಕಿದ್ದೇನೆ" ಅಂತ ಹೇಳಿ ನೋಡಿ ಅಣ್ಣ. ಯಾರಿಗೂ ಅಸಹ್ಯ ಅನ್ನಿಸಲ್ಲ.

ಒಂದು ಪ್ರಶ್ನೆ. ಊರಲ್ಲಿ ಯಾರಿಗಾದರೂ ಇದರಿಂದ ಕೆಟ್ಟದ್ದು ಆಗಿದೆಯಾ? ಇಷ್ಟು ಪೂರ್ತಿಯಾಗಿ ನಿಂತುಹೋಗಿದೆ ಅಂದರೆ ಏನೋ ನಡೆದಿರಬೇಕು ಅನ್ನಿಸುತ್ತದೆ.

ಮೇವಿನಮನೆ

ಇದನ್ನು ನಾನು ಮೊದಲೇ ಹೇಳಬೇಕಿತ್ತು. ಎರಡನೇ ವರ್ಷ ನಮ್ಮ ಚಿಕ್ಕಪ್ಪ ಒಂದು ಸಣ್ಣ ಗುಂಡಿ ಮಾಡಿದ್ದರು. ಪ್ಲಾಸ್ಟಿಕ್ ಹರಿದು ಮಳೆನೀರು ಒಳಗೆ ಇಳಿದಿತ್ತು. ತೆಗೆದಾಗ ಒಂದು ಕಡೆ ಬಿಳಿ ಬೂಷ್ಟು. ಅದನ್ನು ಬೇರೆ ಮಾಡದೆ ಹಾಕಿದರು, ಎರಡು ಹಸು ಭೇದಿ ಮಾಡಿಕೊಂಡು ಮೇವು ಬಿಟ್ಟವು. ಅದೇ ವಾರ ಅವರ ಹಾಲು ಹುಳಿ ವಾಸನೆ ಅಂತ ಡೇರಿಯಲ್ಲಿ ವಾಪಸ್ ಬಂತು. ಹಸುಗಳು ಹುಷಾರಾದವು. ಆದರೆ ಚಿಕ್ಕಪ್ಪ ಆ ಕ್ಯಾನ್ ಹಿಡಿದುಕೊಂಡು ಎಲ್ಲರೆದುರು ವಾಪಸ್ ನಡೆದು ಬಂದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಅವರ ಹಸು ಹುಷಾರಾದದ್ದು ಊರಿಗೆ ಗೊತ್ತಾಗಲಿಲ್ಲ, ಹಾಲು ವಾಪಸ್ ಬಂದದ್ದು ಮಾತ್ರ ಮಧ್ಯಾಹ್ನದೊಳಗೆ ಪಕ್ಕದ ಊರಿಗೂ ಗೊತ್ತಾಯಿತು.

ದನದಡಾಕ್ಟ್ರು_ಆಗಲಿರುವೆ

ಅಲ್ಲಿಗೆ ಉತ್ತರ ಸಿಕ್ಕಿತಲ್ಲ ಅಣ್ಣ! ಹಾಲು ಕರೆಯುವ ಮುಂಚೆ ರಸಮೇವು ಹಾಕಿದರೆ, ಕೊಟ್ಟಿಗೆಯಲ್ಲಿ ಆ ವಾಸನೆ ತುಂಬಿದ್ದರೆ, ಹಾಲಿಗೂ ಹಿಡಿಯುತ್ತದೆ. ಕರೆದಾದ ಮೇಲೆ ಹಾಕಬೇಕು. ಬೂಷ್ಟು ಬಂದ ಭಾಗ ಪೂರ್ತಿ ಎಸೆಯಬೇಕು. ಮೊದಲ ವಾರ ಸ್ವಲ್ಪ ಸ್ವಲ್ಪವೇ ಬೇರೆ ಮೇವಿನ ಜೊತೆ ಬೆರೆಸಿ ಅಭ್ಯಾಸ ಮಾಡಿಸಬೇಕು. ಇದನ್ನು ನಿಮ್ಮ ಚಿಕ್ಕಪ್ಪನಿಗೆ ಯಾರಾದರೂ ಹೇಳಿದ್ದರಾ?

ಮೇವಿನಮನೆ

ಇಲ್ಲ. ನಾನೇ ಹೇಳಬೇಕಿತ್ತು. ನಾನು ಹೇಗೂ ಕರೆದ ಮೇಲೆ ಹಾಕುತ್ತಿದ್ದೆ, ಅದು ಅಷ್ಟು ಮುಖ್ಯ ಅಂತ ನನಗೂ ಗೊತ್ತಿರಲಿಲ್ಲ.

ರೇಷ್ಮೆಗೂಡು (ಶಿಡ್ಲಘಟ್ಟ)

ಹೀಗೇ ಆಗುವುದು. ಕೆಲಸ ಊರಿಂದೂರಿಗೆ ಹೋಗುತ್ತದೆ, ಅದರ ಜೊತೆಗಿನ ಸಣ್ಣ ಸಣ್ಣ ಜೋಪಾನ ಹಿಂದೆ ಉಳಿಯುತ್ತದೆ. ಆಮೇಲೆ ಬೈಗಳು ಕೆಲಸಕ್ಕೆ.

ಕೆಡುಕು ಮುಂದೆ ಬಂದು ಪರಿಹಾರ ಹಿಂದೆ ಬರುವುದಕ್ಕೆ ಊಜಿ ನೊಣಕ್ಕಿಂತ ಸಾಕ್ಷಿ ಬೇಕಾ? 1980ಕ್ಕೆ ಮುಂಚೆ ಕರ್ನಾಟಕದಲ್ಲಿ ಆ ನೊಣವೇ ಇರಲಿಲ್ಲ. ಪಶ್ಚಿಮ ಬಂಗಾಳದಿಂದ ಗೂಡಿನ ಜೊತೆ ಬಂತು. ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಗೂಡು ಕೊರೆದು ಆಚೆ ಬರುತ್ತದೆ. ತೂತು ಬಿದ್ದ ಗೂಡಿಂದ ನೂಲು ತೆಗೆಯಲಾಗಲ್ಲ. ನಮ್ಮ ತಂದೆ ಹೇಳುತ್ತಿದ್ದರು, ನೊಣ ಬಂದ ಮೇಲೆ ಎಷ್ಟೋ ಬೆಳೆ ಕಳೆದುಕೊಂಡು ಆಮೇಲೆ ಹುಳುಮನೆ ಕಿಟಕಿಗೆ ನೈಲಾನ್ ಪರದೆ ಹಾಕಿದರು ಅಂತ. ಈಗ ಪರದೆ ಇಲ್ಲದ ಹುಳುಮನೆ ತೋರಿಸಿ ನೋಡೋಣ.

ಬೇತಮಂಗಲ_ಅಜ್ಜಿಮನೆ

ಸುದ್ದಿ ವೇಗಕ್ಕೆ ಫೋನೇ ಬೇಕಾಗಿಲ್ಲ. 1995ರ ಸೆಪ್ಟೆಂಬರ್ 21ರಂದು ಗಣೇಶ ಹಾಲು ಕುಡಿಯುತ್ತಾನೆ ಅಂತ ದೇಶವೆಲ್ಲಾ ಸಾಲು ನಿಂತಿತ್ತು. ನಮ್ಮ ಊರಲ್ಲಿ ಯಾರ ಕೈಲೂ ಮೊಬೈಲ್ ಇರಲಿಲ್ಲ. ನನ್ನ ಅಜ್ಜಿ ಚಮಚ ಹಿಡಿದು ದೇವಸ್ಥಾನಕ್ಕೆ ಹೋಗಿದ್ದರು. ಬೀದಿ ಬೀದಿಯ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದದ್ದೂ ಆ ಕಾಲದ್ದೇ. ನಮ್ಮ ಬಾಗಿಲ ಮೇಲೆ ನಾನೇ ಸುಣ್ಣದಲ್ಲಿ ಬರೆದಿದ್ದೆ.

ಈಗ ಯೋಚಿಸಿದರೆ ಅದಕ್ಕೆ ಖರ್ಚೇ ಇರಲಿಲ್ಲ. ಒಂದು ಚಮಚ ಹಾಲು, ಒಂದು ಚೂರು ಸುಣ್ಣ. ಸುಳ್ಳಾದರೆ ಹೋಗುವುದೇನೂ ಇಲ್ಲ, ನಿಜವಾಗಿದ್ದು ನಾವು ಮಾಡದೇ ಇದ್ದರೆ ಎಂಬ ಭಯ ಮಾತ್ರ.

ನಂದಿ_ತಪ್ಪಲು

ಎಲ್ಲಾ ಸುದ್ದಿಗೂ ಬೆಲೆ ಇಲ್ಲ ಅನ್ನಬೇಡಿ. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ 2018ರಲ್ಲಿ ಹಬ್ಬಿದ ಮೆಸೇಜಿಗೆ ನಮ್ಮ ರಾಜ್ಯದಲ್ಲೇ ಏನೂ ಅರಿಯದವರು ಪ್ರಾಣ ಬಿಟ್ಟರು. ಆಮೇಲೆಯೇ ವಾಟ್ಸಾಪಿನವರು ಒಂದು ಸಲಕ್ಕೆ 5 ಚಾಟ್‌ಗಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡಲಾಗದ ಹಾಗೆ ಮಾಡಿದ್ದು. ಅದಕ್ಕೇ ನಾನು ಹೊರಗಿನಿಂದ ಬಂದದ್ದನ್ನು ಅನುಮಾನದಿಂದ ನೋಡುವುದು.

ಗುಬ್ಬಿಯವಳು

ಸುಳ್ಳು ಸುದ್ದಿ ಬೇರೆ, ಹೊರಗಿನದು ಬೇರೆ. ನಾವು ದಿನಾ ಉಣ್ಣುವ ರಾಗಿಯೇ ಸಾವಿರಾರು ವರ್ಷದ ಹಿಂದೆ ಪೂರ್ವ ಆಫ್ರಿಕಾದಿಂದ ಬಂದದ್ದು. ಮೆಣಸಿನಕಾಯಿ, ಟೊಮೆಟೊ, ಮುಸುಕಿನ ಜೋಳ ಮೂರೂ ಅಮೆರಿಕ ಖಂಡದವು. ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿಯೇ ಇಂಡಾಫ್ ತಳಿ ಮಾಡಿದ್ದು. ಇಂಡಿಯಾ, ಆಫ್ರಿಕಾ ಎರಡೂ ಸೇರಿ ಆ ಹೆಸರು. ಅವರು ಹಾಗೆ ಮಾಡದಿದ್ದರೆ ನಮ್ಮ ತಾತಂದಿರ ಕಣಜ ಅಷ್ಟು ತುಂಬುತ್ತಿರಲಿಲ್ಲ.

ನಂದಿ_ತಪ್ಪಲು

ರಾಗಿ ವಿಷಯ ನನಗೆ ಗೊತ್ತಿರಲಿಲ್ಲ. ಆ ಮಟ್ಟಿಗೆ ನನ್ನ ಮಾತು ವಾಪಸ್ ತಗೊಂಡೆ. ಆದರೆ ಸಾಲ ಮಾಡಿ ಡ್ರೋನ್ ಹಾರಿಸುವುದಕ್ಕೆ ಈಗಲೂ ನನ್ನ ವಿರೋಧ ಇದೆ.

ಮಾಲೂರು_ಮಗಳು

ಇಷ್ಟೊಂದು ಮಾತಾಯಿತು, ಒಬ್ಬರೂ ಇದನ್ನು ಕೇಳಲಿಲ್ಲ. ನಿಮ್ಮ ಊರಲ್ಲಿ ಹಸು ನೋಡಿಕೊಳ್ಳುವವರು ಯಾರು ಅಣ್ಣ? ಬೆಳಗ್ಗೆ ನಾಲ್ಕೂವರೆಗೆ ಎದ್ದು ಕೊಟ್ಟಿಗೆ ಗುಡಿಸಿ, ಹಾಲು ಕರೆದು, ಮೇವು ಹೊತ್ತು ತರುವವರು ಹೆಂಗಸರಲ್ವಾ? ನೀವು ಹೇಳಿದ್ದು ಡೇರಿ ಸಾಲಲ್ಲಿ ನಿಂತ ಗಂಡಸರಿಗೆ. ಅವರು ಮನೆಗೆ ಹೋಗಿ ಹೇಳಿದರೋ ಇಲ್ಲವೋ ಯಾರಿಗೆ ಗೊತ್ತು. ಹಾಲು ಕರೆಯುವವರಿಗೆ ಹೇಳಿದ್ದರೆ "ಕರೆದ ಮೇಲೆ ಹಾಕಬೇಕು" ಅನ್ನುವ ಮಾತೂ ಅಲ್ಲೇ ಬಂದುಬಿಡುತ್ತಿತ್ತು.

ಹಳದಿ ಶಾಸ್ತ್ರ ಹೇಗೆ ಬಂತು ಅಂತ ವಿಚಾರಿಸಿ. ಯಾರದೋ ಸೊಸೆ ತವರಿನ ಮದುವೆಗೆ ಹೋಗಿ ನೋಡಿ ಬಂದಿರುತ್ತಾಳೆ. ಒಂದೂರಿಂದ ಇನ್ನೊಂದೂರಿಗೆ ಹೋಗಿ ಬಾಳುವವರು ನಾವು. ಸಾರಿನ ಪುಡಿ, ರಂಗೋಲಿ, ಸೀರೆ ಉಡುವ ರೀತಿ, ಬೀಜ, ಚೀಟಿ ಕಟ್ಟುವುದು ಎಲ್ಲಾ ನಮ್ಮ ಜೊತೆ ಹೋಗುತ್ತದೆ. ನಮ್ಮ ಅಮ್ಮ ಮದುವೆಯಾಗಿ ಬಂದಾಗ ಸೀರೆ ಸೆರಗಿನಲ್ಲಿ ಅವರೆ ಬೀಜ ಕಟ್ಟಿಕೊಂಡು ಬಂದಿದ್ದರು. ಆ ಅವರೆ ಈಗಲೂ ನಮ್ಮ ಬೀದಿಯ ಎಲ್ಲಾ ಹಿತ್ತಲಲ್ಲಿದೆ. ನಿಮ್ಮ ಅಮ್ಮನನ್ನು ಸ್ತ್ರೀಶಕ್ತಿ ಸಂಘದ ಮೀಟಿಂಗಲ್ಲಿ ಮಾತಾಡಿಸಿ.

ರೇಷ್ಮೆಗೂಡು (ಶಿಡ್ಲಘಟ್ಟ)

ತಂಗೀ, ನೂರಕ್ಕೆ ನೂರು ನಿಜ.

ಬಂಗಾರಪೇಟೆ_ಬಸ್ಸು

ಇನ್ನೊಂದು ಮಾತು ಸೇರಿಸುತ್ತೇನೆ. ಗುಂಡಿ ಬೇಡ, ಚೀಲದಲ್ಲಿ ಮಾಡಿಸಿ. ಐವತ್ತು ಕೆಜಿ ಹಿಡಿಯುವ ದಪ್ಪ ಪ್ಲಾಸ್ಟಿಕ್ ಚೀಲದಲ್ಲೂ ರಸಮೇವು ಆಗುತ್ತದೆ. ಗಟ್ಟಿಯಾಗಿ ತುಳಿದು, ಗಾಳಿ ತೆಗೆದು, ಬಾಯಿ ಬಿಗಿಯಾಗಿ ಕಟ್ಟಿದರೆ ಸಾಕು. ಕೆಟ್ಟರೆ ಒಂದು ಚೀಲ ಹೋಗುತ್ತದೆ, ಒಂದು ಬೆಳೆ ಹೋಗಲ್ಲ.

ದನದಡಾಕ್ಟ್ರು_ಆಗಲಿರುವೆ

ಹೌದು, ಆಗುತ್ತದೆ. ಇಲಿ ಕಚ್ಚದ ಹಾಗೆ ಎತ್ತರದಲ್ಲಿಡಿ. ಸಣ್ಣ ತೂತು ಬಿದ್ದರೂ ಗಾಳಿ ಹೋಗಿ ಬೂಷ್ಟು ಬರುತ್ತದೆ. ಅದೊಂದು ಮಾತ್ರ ಎಲ್ಲರಿಗೂ ತಪ್ಪದೆ ಹೇಳಿ.

ಮೇವಿನಮನೆ

ಎಂಟು ಹತ್ತು ದಿನ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಅಮ್ಮ ಶುಕ್ರವಾರ ಸಂಘದ ಮೀಟಿಂಗಿಗೆ ಒಂದು ಪುಟ್ಟಿ ರಸಮೇವು ಹೊತ್ತುಕೊಂಡು ಹೋದರು. ನಾನು ಆಚೆ ಜಗಲಿ ಮೇಲೆ ಕೂತಿದ್ದೆ. "ಹೆಪ್ಪು ಹಾಕಿದ ಮೇವು" ಅಂತಲೇ ಶುರು ಮಾಡಿದರು. ಒಬ್ಬರು ಮೂಗಿನ ಹತ್ತಿರ ಹಿಡಿದು "ಹುಣಸೆಹಣ್ಣಿನ ವಾಸನೆ" ಅಂದರು. ಒಬ್ಬರು ಹಿಂಡಿ ನೋಡಿದರು, ನೀರು ಬರುತ್ತಾ ಅಂತ. ಬರಲಿಲ್ಲ, ಅಂಗೈ ಮಾತ್ರ ಒದ್ದೆಯಾಯಿತು. ಆಮೇಲೆ ನಮ್ಮ ಚಿಕ್ಕಮ್ಮ ಎದ್ದು ನಿಂತರು. ಚಿಕ್ಕಪ್ಪನ ಹಾಲು ವಾಪಸ್ ಬಂದ ಕತೆ ಅವರೇ ಹೇಳಿದರು. ಕರೆಯುವ ಮುಂಚೆ ಹಾಕಿದ್ದು, ಬೂಷ್ಟು ತೆಗೆಯದೇ ಹಾಕಿದ್ದು, ಎರಡೂ ಹೇಳಿದರು. ನನಗೆ ಗಂಟಲು ಕಟ್ಟಿತು. ಇಷ್ಟು ದಿನ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲು ಬಿಡದಿದ್ದ ಮಾತು ಅದು.

ಗುಂಡಿ ಮಾಡುತ್ತೇನೆ ಅಂತ ಯಾರೂ ಹೇಳಿಲ್ಲ. ನಾಲ್ಕು ಜನ ಒಂದೊಂದು ಚೀಲ ಮಾಡಿ ನೋಡುತ್ತೇವೆ ಅಂದಿದ್ದಾರೆ. ಅದರಲ್ಲಿ ಚಿಕ್ಕಮ್ಮನೂ ಒಬ್ಬರು. ನಮ್ಮ ಜೋಳ ಇನ್ನು ಹದಿನೈದು ದಿನಕ್ಕೆ ಹದಕ್ಕೆ ಬರುತ್ತದೆ, ಮಿಷನ್ ನಮ್ಮ ಮನೆ ಮುಂದೆಯೇ ನಿಲ್ಲಿಸುತ್ತೇವೆ.

ಮಾಲೂರು_ಮಗಳು

ಅಣ್ಣ, ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳಿ. ದಿನ ಗೊತ್ತಾದರೆ ಇಲ್ಲಿ ಹಾಕಿ. ನಮ್ಮ ಸಂಘದಿಂದ ಇಬ್ಬರು ನೋಡೋಕೆ ಬರುತ್ತಾರಂತೆ.

ರೇಷ್ಮೆಗೂಡು (ಶಿಡ್ಲಘಟ್ಟ)

ನಾನೂ ಬರುತ್ತೇನೆ. ನಮ್ಮ ಮನೆಯಲ್ಲೂ ಎರಡು ಹಸು ಇವೆ. ಚೀಲ ಎಲ್ಲಿ ಸಿಗುತ್ತದೆ, ಚಿಂತಾಮಣಿಯಲ್ಲೇ ಸಿಗುತ್ತಾ?

ಮೇವಿನಮನೆ

ಸಿಗುತ್ತೆ ಅಣ್ಣ. ನಿಮಗೂ ಎರಡು ತಂದಿಟ್ಟಿರುತ್ತೇನೆ. ಕಟ್ಟೋಕೆ ಒಳ್ಳೆ ದಾರ ಮಾತ್ರ ನೀವೇ ತನ್ನಿ.